ಮದುವೆಗೆ ಬೇಡದ ಹೊತ್ತು: ಪಂಚಾಂಗ ಹಿಡಿದು ಸೋಸುವ ಬಗೆ

ಮುಹೂರ್ತ ಹುಡುಕುವುದೆಂದರೆ ಒಳ್ಳೆಯ ಹೊತ್ತನ್ನು ಹುಡುಕುವುದು ಎಂದೇ ಎಲ್ಲರ ಎಣಿಕೆ. ಕೆಲಸ ನಡೆಯುವುದು ಮಾತ್ರ ಉಲ್ಟಾ. ಬೇಡದ ಕಾಲವನ್ನೆಲ್ಲ ಒಂದೊಂದಾಗಿ ತೆಗೆದುಹಾಕುತ್ತ ಹೋದಾಗ ಕೊನೆಗೆ ಉಳಿಯುವ ಚೂರೇ ಮುಹೂರ್ತ. ದಪ್ಪ ಕಣ್ಣಿನ ಜರಡಿಯಿಂದ ಸಣ್ಣ ಕಣ್ಣಿನ ಜರಡಿಗೆ ಬಂದಂತೆ ಮೊದಲು ತಿಂಗಳು, ಆಮೇಲೆ ದಿನ, ಕಡೆಗೆ ಗಂಟೆ-ನಿಮಿಷ. ಈ ಅನುಕ್ರಮ ಬಿಟ್ಟು ಗೋಡೆಯ ಕ್ಯಾಲೆಂಡರಿನ ರಾಹುಕಾಲದಿಂದ ಶುರು ಮಾಡಿದವರು ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಬಂದ ಮೇಲೆ ಪುರೋಹಿತರಿಂದ "ಆಗ ಗುರು ಮೌಢ್ಯ ಇದೆಯಲ್ಲ" ಎಂದು ಕೇಳಬೇಕಾಗುತ್ತದೆ.

ಇಲ್ಲಿರುವುದು ಕರ್ನಾಟಕದ ಮನೆಗಳಲ್ಲಿ ರೂಢಿಯಲ್ಲಿರುವ ಕ್ರಮ. ಕಾನೂನಿಗೆ ಮುಹೂರ್ತದ ಹಂಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಸಪ್ತಪದಿಯ ಏಳನೇ ಹೆಜ್ಜೆಯ ಮಾತಾಡುತ್ತದೆಯೇ ಹೊರತು ಅದನ್ನು ಎಷ್ಟು ಗಂಟೆಗೆ ಇಡಬೇಕೆಂದು ಹೇಳುವುದಿಲ್ಲ. ಇದು ನಂಬಿಕೆಯ ಲೆಕ್ಕ. ಆದರೆ ಲೆಕ್ಕ ಲೆಕ್ಕವೇ, ತಪ್ಪಾಗಿ ಮಾಡಿದರೆ ನಂಬುವವರಿಗೂ ಉಪಯೋಗವಿಲ್ಲ.

ಯಾವ ಪಂಚಾಂಗ ಎನ್ನುವುದು ಮೊದಲು

ಎರಡೂ ಕಡೆಯವರು ಒಂದೇ ಪಂಚಾಂಗಕ್ಕೆ ಒಪ್ಪಿಕೊಂಡು ಮುಂದುವರಿಯಿರಿ. ಆಕಾಶದಲ್ಲಿ ಕಾಣುವ ಗ್ರಹಸ್ಥಾನ ಹಿಡಿದು ಲೆಕ್ಕ ಹಾಕುವ ದೃಗ್ಗಣಿತದ ಪಂಚಾಂಗಕ್ಕೂ ಹಳೆಯ ಸೂರ್ಯಸಿದ್ಧಾಂತ ಗ್ರಂಥವನ್ನು ಅನುಸರಿಸುವ ಮಠದ ಪಂಚಾಂಗಕ್ಕೂ ತಿಥಿ-ನಕ್ಷತ್ರ ಮುಗಿಯುವ ಹೊತ್ತಿನಲ್ಲಿ ವ್ಯತ್ಯಾಸ ಬರುತ್ತದೆ. ಏಕಾದಶಿ ಒಂದು ಮಠಕ್ಕೆ ಇವತ್ತು, ಇನ್ನೊಂದಕ್ಕೆ ನಾಳೆ ಆಗುವುದಕ್ಕೆ ಇದೂ ಒಂದು ಕಾರಣ. ಹೆಣ್ಣಿನ ಕಡೆಯವರು ಒಂದನ್ನು, ಗಂಡಿನ ಕಡೆಯವರು ಇನ್ನೊಂದನ್ನು ತಂದು ಕೂತರೆ ಯಾವ ದಿನವೂ ದಕ್ಕುವುದಿಲ್ಲ.

ಮೊಬೈಲ್ ಆ್ಯಪ್ ನೋಡುವವರು ಮೂರು ಸೆಟ್ಟಿಂಗ್ ಪರೀಕ್ಷಿಸಬೇಕು. ಒಂದು, ಊರು: ಮದುವೆ ನಡೆಯುವ ಊರನ್ನೇ ಹಾಕಿ. ಎರಡು, ತಿಂಗಳ ಪದ್ಧತಿ. ನಮ್ಮದು ಅಮಾಂತ, ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಉತ್ತರದ ಕಡೆಯ ಹಲವೆಡೆ ಪೂರ್ಣಿಮಾಂತ. ಹಾಗಾಗಿ ನಮ್ಮ ಆಷಾಢ ಬಹುಳ ಅವರಿಗೆ ಆಗಲೇ ಶ್ರಾವಣ. ಹಿಂದಿ ವೆಬ್‌ಸೈಟ್ ನೋಡಿ "ಶ್ರಾವಣ ಬಂತು" ಎಂದು ದಿನ ಗುರುತು ಮಾಡಿದರೆ ನಮ್ಮ ಆಷಾಢದ ಹೊಟ್ಟೆಯೊಳಗೇ ಬಿದ್ದಿರುತ್ತೀರಿ. ಮೂರು, ದಿನದ ಆರಂಭ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಶುಕ್ರವಾರ ಕಳೆದ ರಾತ್ರಿ 2 ಗಂಟೆ ಪಂಚಾಂಗಕ್ಕೆ ಇನ್ನೂ ಶುಕ್ರವಾರವೇ. ಕೆಲವೆಡೆ ಅದನ್ನು 26.00 ಎಂದು ತೋರಿಸಿರುತ್ತಾರೆ.

ಅಚ್ಚಾದ ಪಂಚಾಂಗದಲ್ಲಿ ಘಟಿಯ ಲೆಕ್ಕವಿದ್ದರೆ ಹೆದರಬೇಕಿಲ್ಲ. ಒಂದು ಘಟಿಗೆ 24 ನಿಮಿಷ, ಎರಡೂವರೆ ಘಟಿಗೆ ಒಂದು ಗಂಟೆ, ಎಣಿಕೆ ಸೂರ್ಯೋದಯದಿಂದ. "ರೇವತಿ 39-00" ಎಂದಿದ್ದು ಅಂದಿನ ಸೂರ್ಯೋದಯ 6.44 ಆಗಿದ್ದರೆ, 39 ಘಟಿ ಎಂದರೆ 936 ನಿಮಿಷ, ಅಂದರೆ 15 ಗಂಟೆ 36 ನಿಮಿಷ. ರೇವತಿ ರಾತ್ರಿ 10.20ಕ್ಕೆ ಮುಗಿಯುತ್ತದೆ.

ತಿಂಗಳುಗಳನ್ನು ಹೊಡೆದುಹಾಕುವುದು

ಮದುವೆಗೆ ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠ ಉತ್ತಮ. ಕಾರ್ತಿಕ, ಮಾರ್ಗಶಿರ ಮಧ್ಯಮ. ಇದು ಶಾಸ್ತ್ರದ ಪಟ್ಟಿ. ರೂಢಿಯಲ್ಲಿ ಕರ್ನಾಟಕದವರು ಶ್ರಾವಣವನ್ನೂ ಬಿಡುವುದಿಲ್ಲ. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯವರೆಗಿನ ಚಾತುರ್ಮಾಸ್ಯ ಪೂರ್ತಿ ಮದುವೆ ಇಲ್ಲವೆನ್ನುವುದು ಉತ್ತರದ ಕಟ್ಟುನಿಟ್ಟು. ಅಲ್ಲಿಯ ಪಟ್ಟಿಯನ್ನು ಹಾಗೇ ಭಟ್ಟಿ ಇಳಿಸಿದ ಆ್ಯಪ್‌ಗಳು ನಮ್ಮ ಶ್ರಾವಣದ ಮುಹೂರ್ತಗಳನ್ನೆಲ್ಲ ನುಂಗಿಬಿಟ್ಟಿರುತ್ತವೆ.

ಆಷಾಢ ಮಾತ್ರ ಯಾರಿಗೂ ಬೇಡ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನದಿಂದ ಭೀಮನ ಅಮಾವಾಸ್ಯೆಯವರೆಗೆ ಎಂದು ನೆನಪಿಟ್ಟರೆ ಸಾಕು. ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗುವ ತಿಂಗಳಲ್ಲಿ ಹೊಸ ಮದುವೆ ಇಡುವ ಪ್ರಶ್ನೆಯೇ ಇಲ್ಲ. ತುಳುನಾಡಿನಲ್ಲಿ ಇದಕ್ಕೆ ಸರಿದೂಗುವುದು ಆಟಿ, ಕೊಡಗಿನಲ್ಲಿ ಕಕ್ಕಡ. ಅವು ಸೌರಮಾನದ ತಿಂಗಳುಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಚಾಂದ್ರಮಾನದ ಮನೆಯ ಹೆಣ್ಣು, ಸೌರಮಾನದ ಮನೆಯ ಗಂಡು ಆದರೆ ಎರಡನ್ನೂ ಸೇರಿಸಿಯೇ ಹೊಡೆಯಬೇಕು. ಆಗ ತಿಂಗಳ ಬದಲು ಕೆಲವೊಮ್ಮೆ ಒಂದೂವರೆ ತಿಂಗಳೇ ಹೋಗುತ್ತದೆ.

ಡಿಸೆಂಬರ್ 16ರ ಸುಮಾರಿಗೆ ಹಿಡಿದು ಮಕರ ಸಂಕ್ರಾಂತಿಯವರೆಗಿನ ಧನುರ್ಮಾಸ ದೇವರ ಪೂಜೆಗೆ ಮೀಸಲು, ಮದುವೆಗೆ ಶೂನ್ಯಮಾಸ. ಭಾದ್ರಪದ ಬಹುಳದ ಪಿತೃಪಕ್ಷ ಮಹಾಲಯ ಅಮಾವಾಸ್ಯೆಯವರೆಗೆ ನಿಷಿದ್ಧ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಸಂಕ್ರಾಂತಿಗಳಲ್ಲಿ ಆ ಕ್ಷಣದ ಹಿಂದೆ 16 ಘಟಿ, ಮುಂದೆ 16 ಘಟಿ ಬಿಡಬೇಕು, ಅಂದರೆ ಎರಡೂ ಕಡೆಗೆ 6 ಗಂಟೆ 24 ನಿಮಿಷ.

ಲೆಕ್ಕ ತಪ್ಪಿಸುವುದು ಅಧಿಕ ಮಾಸ. ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಬರುವ ಇದರಲ್ಲಿ ಮದುವೆ, ಉಪನಯನ, ಗೃಹಪ್ರವೇಶ ಯಾವುದೂ ಇಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದಾಗ ಅಷ್ಟಾಗಿ ತೊಂದರೆ ಅನಿಸಲಿಲ್ಲ, ಪಕ್ಕದಲ್ಲಿ ಹೇಗೂ ಆಷಾಢವಿತ್ತು. 2026ರ ಪರಾಭವ ಸಂವತ್ಸರದಲ್ಲಿ ಅಧಿಕವಾಗುವುದು ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಶಾಲೆಗೆ ರಜೆ ಇರುವ, ಮದುವೆಗಳು ಒತ್ತಾಗಿ ಬರುವ ದಿನಗಳನ್ನೇ ಅದು ತಿನ್ನುತ್ತದೆ. ನಿಜ ಜ್ಯೇಷ್ಠ ಮುಗಿಯುತ್ತಿದ್ದಂತೆ ಆಷಾಢ. ಇಂಥ ವರ್ಷಗಳಲ್ಲಿ ಛತ್ರ ಸಿಗುವುದಿಲ್ಲವೆಂದು ಗೊಣಗುವ ಬದಲು ಮಾಘದಲ್ಲೇ ಮುಗಿಸುವ ಯೋಚನೆ ಒಳ್ಳೆಯದು.

ಗುರು-ಶುಕ್ರ ಮೌಢ್ಯ

ಗುರುವೋ ಶುಕ್ರನೋ ಸೂರ್ಯನಿಗೆ ತೀರ ಹತ್ತಿರ ಬಂದು ಕಣ್ಣಿಗೆ ಕಾಣದಾಗುವ ಅವಧಿಯೇ ಅಸ್ತ ಅಥವಾ ಮೌಢ್ಯ. ಗುರುವಿಗೆ ಸೂರ್ಯನಿಂದ 11 ಅಂಶ (ಡಿಗ್ರಿ), ಶುಕ್ರನಿಗೆ 10 ಅಂಶ, ಶುಕ್ರ ವಕ್ರಗತಿಯಲ್ಲಿದ್ದರೆ, ಅಂದರೆ ಹಿಂದಕ್ಕೆ ಚಲಿಸುವಂತೆ ಕಾಣುತ್ತಿದ್ದರೆ 8. ಗುರು ಮೌಢ್ಯ ಸುಮಾರು ಹದಿಮೂರು ತಿಂಗಳಿಗೊಮ್ಮೆ ಬಂದು ಒಂದು ತಿಂಗಳಷ್ಟು ಇರುತ್ತದೆ. ಶುಕ್ರನದು ಎರಡು ಬಗೆ. ವಕ್ರದಲ್ಲಿ ಬಂದರೆ ಒಂದು ವಾರದ ಆಸುಪಾಸು, ಸೂರ್ಯನ ಆಚೆ ಬದಿಯಲ್ಲಿ ಬಂದರೆ ಎರಡು ತಿಂಗಳ ಹತ್ತಿರ. ಅಸ್ತಕ್ಕೆ ಮುಂಚಿನ ಕೆಲವು ದಿನ ವಾರ್ಧಕ್ಯ, ಉದಯದ ನಂತರದ ಕೆಲವು ದಿನ ಬಾಲ್ಯ ಎಂದು ಅವನ್ನೂ ಬಿಡುತ್ತಾರೆ. ಆದ್ದರಿಂದ ಪಂಚಾಂಗದಲ್ಲಿ "ಶುಕ್ರೋದಯ" ಎಂದು ಬರೆದ ದಿನಕ್ಕೇ ಮುಹೂರ್ತ ಹಿಡಿಯಬೇಡಿ, ಬಾಲ್ಯ ಎಷ್ಟು ದಿನವೆಂದು ಪುರೋಹಿತರನ್ನು ಕೇಳಿ.

2024ರ ಮೇ ಮತ್ತು ಜೂನ್ ಇದಕ್ಕೆ ಉದಾಹರಣೆ. ಏಪ್ರಿಲ್ ಕೊನೆಗೆ ಶುಕ್ರ ಅಸ್ತ, ಮೇ ಮೊದಲ ವಾರದಲ್ಲಿ ಗುರುವೂ ಅಸ್ತ. ಆ ವರ್ಷ ಮೇ 10ರ ಅಕ್ಷಯ ತೃತೀಯ ಎರಡೂ ಮೌಢ್ಯಗಳೊಳಗೆ ಬಿತ್ತು. ಯುಗಾದಿ, ಅಕ್ಷಯ ತೃತೀಯ, ವಿಜಯದಶಮಿ ಮತ್ತು ಅರ್ಧ ದಿನ ಬಲಿಪಾಡ್ಯಮಿ ಸೇರಿ ಮೂರೂವರೆ ಮುಹೂರ್ತಕ್ಕೆ ಪಂಚಾಂಗ ನೋಡಬೇಕಿಲ್ಲ ಎನ್ನುತ್ತಾರೆ. ಆ ಮಾತು ವ್ಯಾಪಾರ, ವಿದ್ಯಾರಂಭ, ಒಡವೆ ಖರೀದಿಗೆ ಸಲ್ಲುತ್ತದೆ. ಮದುವೆಗೆ ಮೌಢ್ಯದ ಅಡ್ಡಿ ಆ ದಿನಗಳಲ್ಲೂ ಉಂಟು ಎಂದೇ ಹಿರಿಯರ ಪಕ್ಷ.

ಇನ್ನೊಂದು ಹೆದರಿಕೆ ಸಿಂಹಸ್ಥ ಗುರು. ಹನ್ನೆರಡು ವರ್ಷಕ್ಕೊಮ್ಮೆ ಗುರು ಸಿಂಹರಾಶಿಗೆ ಬಂದಾಗ ವರ್ಷಪೂರ್ತಿ ಮದುವೆಯೇ ಇಲ್ಲ ಎಂದು ಸುದ್ದಿ ಹಬ್ಬುತ್ತದೆ. ನಾಸಿಕದ ಕುಂಭಮೇಳಕ್ಕೆ ಸಿಂಹಸ್ಥ ಎಂಬ ಹೆಸರು ಬಂದದ್ದು ಇದೇ ಗುರುವಿನಿಂದ. ಶಾಸ್ತ್ರದಲ್ಲಿ ಈ ದೋಷಕ್ಕೆ ಗಡಿ ಹಾಕಿದೆ: ಗೋದಾವರಿಯ ಉತ್ತರಕ್ಕೆ, ಗಂಗೆಯ ದಕ್ಷಿಣಕ್ಕೆ ಇರುವ ನಾಡಿಗೆ ಮಾತ್ರ. ಕರ್ನಾಟಕ ಗೋದಾವರಿಯ ದಕ್ಷಿಣಕ್ಕಿದೆ. ಇಲ್ಲಿಯವರು ಬಿಡಬೇಕಾದದ್ದು ಗುರು ಸಿಂಹದಲ್ಲಿದ್ದು ನವಾಂಶದಲ್ಲೂ (ರಾಶಿಯ ಒಂಬತ್ತನೇ ಒಂದು ಪಾಲು) ಸಿಂಹದಲ್ಲಿರುವ ಸಣ್ಣ ಅವಧಿಯನ್ನಷ್ಟೆ.

ಮನೆಯೊಳಗಿನ ಅಡ್ಡಿಗಳು

ಪಂಚಾಂಗದಲ್ಲಿ ಇವು ಇರುವುದಿಲ್ಲ, ಮನೆಯ ಹಿರಿಯರ ನೆನಪಿನಲ್ಲಿರುತ್ತವೆ. ದಿನ ನೋಡುವ ಮುಂಚೆ ಕೇಳಿ ಬರೆದುಕೊಳ್ಳಬೇಕಾದವು ಇವು.

ಮನೆಯಲ್ಲಿ ಈಚೆಗೆ ಮದುವೆ, ಉಪನಯನ ಆಗಿದೆಯೇ? ಮಗನ ಮದುವೆಯಾಗಿ ಮೂರು ಋತು, ಅಂದರೆ ಆರು ತಿಂಗಳು ಕಳೆಯುವ ತನಕ ಮಗಳ ಮದುವೆ ಮಾಡಬಾರದು. ಮಗಳ ಮದುವೆ ಮೊದಲಾಗಿ ಆಮೇಲೆ ಮಗನದಾದರೆ ಅಡ್ಡಿಯಿಲ್ಲ. ಸೊಸೆ ಬಂದ ಮೇಲೆ ಮಗಳನ್ನು ಕಳಿಸುವುದಕ್ಕಿಂತ ಮಗಳನ್ನು ಕಳಿಸಿ ಸೊಸೆ ತರುವುದು ಲೇಸು ಎಂಬ ಎಣಿಕೆ ಇದರ ಹಿಂದಿದೆ. ಮದುವೆಯಾದ ಆರು ತಿಂಗಳೊಳಗೆ ಅದೇ ಮನೆಯಲ್ಲಿ ಮುಂಡನ, ಅಂದರೆ ಚೌಲ-ಉಪನಯನ ಕೂಡದು. ಈ ನಿಯಮಕ್ಕೆ ಒಂದು ಬಾಗಿಲು ತೆರೆದಿದೆ: ನಡುವೆ ಸಂವತ್ಸರ ಬದಲಾದರೆ ಆರು ತಿಂಗಳು ಕಾಯಬೇಕಿಲ್ಲ. ಫಾಲ್ಗುಣದಲ್ಲಿ ಮಗನ ಮದುವೆ, ಯುಗಾದಿ ಕಳೆದು ವೈಶಾಖದಲ್ಲಿ ಮಗಳ ಮದುವೆ ಆಗಬಹುದು. ಇದು ಗೊತ್ತಿಲ್ಲದೆ ಒಳ್ಳೆಯ ಸಂಬಂಧವನ್ನು ಅರ್ಧ ವರ್ಷ ಕಾಯಿಸುವವರಿದ್ದಾರೆ.

ಗಂಡು, ಹೆಣ್ಣು ಇಬ್ಬರೂ ಆಯಾ ಮನೆಯ ಚೊಚ್ಚಲ ಮಕ್ಕಳೇ? ಹಾಗಿದ್ದರೆ ಜ್ಯೇಷ್ಠ ಮಾಸ ಬೇಡ. ಹಿರಿಯ ಮಗ, ಹಿರಿಯ ಮಗಳು, ಜ್ಯೇಷ್ಠ ಮಾಸ ಸೇರಿದರೆ ತ್ರಿಜ್ಯೇಷ್ಠ. ಇಬ್ಬರಲ್ಲಿ ಒಬ್ಬರು ಮಾತ್ರ ಚೊಚ್ಚಲಾದರೆ ಮಧ್ಯಮ, ನಡೆಯುತ್ತದೆ. ಚೊಚ್ಚಲ ಮಕ್ಕಳಿಗೆ ಹುಟ್ಟಿದ ತಿಂಗಳು, ಹುಟ್ಟಿದ ತಿಥಿ, ಜನ್ಮನಕ್ಷತ್ರದ ದಿನವನ್ನೂ ಬಿಡುವುದು ವಾಡಿಕೆ.

ಹುಡುಗಿಗೆ ಗುರುಬಲ ಇದೆಯೇ? ಜನ್ಮರಾಶಿಯಿಂದ 2, 5, 7, 9, 11ರಲ್ಲಿ ಗುರು ಇದ್ದರೆ ಉಂಟು. 1, 3, 6, 10ರಲ್ಲಿದ್ದರೆ ಗುರುಶಾಂತಿ ಮಾಡಿಸಿ ಮುಂದುವರಿಯಬಹುದು. 4, 8, 12 ಇದ್ದರೆ ಕಾಯುವುದು. ಗುರು ಒಂದು ರಾಶಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುವುದರಿಂದ ಇದು ದಿನಗಳ ಪ್ರಶ್ನೆಯಲ್ಲ, ವರ್ಷದ್ದು.

ಹುಡುಗಿಯ ಮುಟ್ಟಿನ ದಿನಗಳನ್ನು ಮನೆಯ ಹೆಂಗಸರು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಲಿ. ಮುಹೂರ್ತ ಬರೆದಾದ ಮೇಲೆ ಗುಳಿಗೆ ನುಂಗಿಸಿ ದಿನ ಮುಂದೂಡುವ ಸಾಹಸಕ್ಕಿಂತ ಇದು ಮೇಲು.

ದಿನವನ್ನು ಸೋಸುವುದು

ತಿಥಿಗಳಲ್ಲಿ ಚೌತಿ, ನವಮಿ, ಚತುರ್ದಶಿ ರಿಕ್ತ ತಿಥಿಗಳು, ಅಮಾವಾಸ್ಯೆಯ ಜೊತೆ ಇವನ್ನೂ ಬಿಡಿ. ಷಷ್ಠಿ, ಅಷ್ಟಮಿ, ದ್ವಾದಶಿಗಳಿಗೆ ದೋಷವಿರುವುದು ಆರಂಭದ ಕೆಲವು ಘಟಿಗಳಿಗೆ ಮಾತ್ರ. ಷಷ್ಠಿಗೆ ಮೊದಲ 9, ಅಷ್ಟಮಿಗೆ 14, ದ್ವಾದಶಿಗೆ 10. ವಾರಗಳಲ್ಲಿ ಮಂಗಳವಾರ ಬೇಡ. ಶನಿವಾರ, ಭಾನುವಾರ ಮಧ್ಯಮ ಎಂದು ಬರೆದಿದ್ದರೂ ನೆಂಟರ ರಜೆ ನೋಡಿ ಭಾನುವಾರಕ್ಕೇ ಎಲ್ಲರೂ ಮುಗಿಬೀಳುತ್ತಾರೆ.

ಮದುವೆಗೆ ಹೇಳಿದ ನಕ್ಷತ್ರ ಹನ್ನೊಂದೇ: ರೋಹಿಣಿ, ಮೃಗಶಿರ, ಮಘಾ, ಉತ್ತರಾ, ಹಸ್ತ, ಸ್ವಾತಿ, ಅನುರಾಧ, ಮೂಲ, ಉತ್ತರಾಷಾಢ, ಉತ್ತರಾಭಾದ್ರ, ರೇವತಿ. ಮೂಲಾ ನಕ್ಷತ್ರದ ಹುಡುಗಿ ಎಂದರೆ ಬೆಚ್ಚುವ ಮನೆಯಲ್ಲೇ ಮೂಲಾ ನಕ್ಷತ್ರದ ದಿನ ತಾಳಿ ಕಟ್ಟಿಸುವುದೂ ಉಂಟು. ಅದು ಬೇರೆ ಲೆಕ್ಕ, ಇದು ಬೇರೆ. ಈ ಹನ್ನೊಂದರಲ್ಲೂ ಮಘಾ ಮತ್ತು ಮೂಲದ ಮೊದಲ ಪಾದ (ನಕ್ಷತ್ರದ ಕಾಲು ಭಾಗ), ರೇವತಿಯ ಕೊನೆಯ ಪಾದ ಬೇಡ.

ಯೋಗಗಳಲ್ಲಿ ವ್ಯತೀಪಾತ, ವೈಧೃತಿ ಪೂರ್ತಿ ತ್ಯಾಜ್ಯ, ಪರಿಘದ ಮೊದಲರ್ಧ ತ್ಯಾಜ್ಯ. ಅರ್ಧ ತಿಥಿಗೆ ಒಂದರಂತೆ ಬರುವ ಕರಣಗಳಲ್ಲಿ ಭದ್ರೆ, ಅಂದರೆ ವಿಷ್ಟಿ ಬೇಡ. ಅದು ಶುಕ್ಲಪಕ್ಷದಲ್ಲಿ ಚೌತಿ ಮತ್ತು ಏಕಾದಶಿಯ ಉತ್ತರಾರ್ಧಕ್ಕೂ ಅಷ್ಟಮಿ ಮತ್ತು ಹುಣ್ಣಿಮೆಯ ಪೂರ್ವಾರ್ಧಕ್ಕೂ ಬರುತ್ತದೆ. ಬಹುಳದಲ್ಲಿ ತದಿಗೆ, ದಶಮಿಯ ಉತ್ತರಾರ್ಧ. ಸಪ್ತಮಿ, ಚತುರ್ದಶಿಯ ಪೂರ್ವಾರ್ಧ.

ಕಾಣುವ ಗ್ರಹಣವಾದರೆ ಅದು ಹಿಡಿದ ನಕ್ಷತ್ರವನ್ನೂ ಬಿಡಬೇಕು, ಪೂರ್ಣಗ್ರಹಣವಾದರೆ ಆರು ತಿಂಗಳವರೆಗೆ. ನಮ್ಮೂರಿಗೆ ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ.

ಆ್ಯಪ್‌ಗಳಿಂದ ಬರುವ ಎರಡು ಗೊಂದಲ ಇಲ್ಲೇ ಬಿಡಿಸಿಬಿಡಬೇಕು. ಹೋಳಿಗೆ ಮುಂಚಿನ ಎಂಟು ದಿನದ ಹೋಲಾಷ್ಟಕ ಉತ್ತರದವರ ಆಚರಣೆ, ನಮಗೆ ಸಂಬಂಧವಿಲ್ಲ. ಅವರು ಪಂಚಕ ಎನ್ನುವುದು ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯವರೆಗೆ ಚಂದ್ರ ಇರುವ ಅವಧಿ. ಆ ಐದರಲ್ಲಿ ಉತ್ತರಾಭಾದ್ರ, ರೇವತಿ ನಮ್ಮ ವಿವಾಹ ನಕ್ಷತ್ರಗಳೇ. ನಮ್ಮ ಪುರೋಹಿತರು "ಪಂಚಕ ನೋಡಬೇಕು" ಎನ್ನುವುದು ಬೇರೆಯದನ್ನು. ಅದು ಮುಂದೆ ಬರುತ್ತದೆ.

ದಿನ ಸಿಕ್ಕಿದ ಮೇಲೆ ತಾರಾಬಲ, ಅಂದರೆ ಆ ದಿನದ ನಕ್ಷತ್ರ ಗಂಡು-ಹೆಣ್ಣಿಗೆ ಹೊಂದುತ್ತದೆಯೇ ಎಂಬ ಲೆಕ್ಕ. ಜನ್ಮನಕ್ಷತ್ರವನ್ನೂ ಸೇರಿಸಿಕೊಂಡು ಆ ದಿನದ ನಕ್ಷತ್ರದವರೆಗೆ ಎಣಿಸಿ 9ರಿಂದ ಭಾಗಿಸಿ. ಶೇಷ 3 ವಿಪತ್, 5 ಪ್ರತ್ಯಕ್, 7 ನೈಧನ. ಈ ಮೂರೂ ಬೇಡ. ಹುಡುಗಿಯದು ಪುಷ್ಯ, ಹುಡುಗನದು ಶ್ರವಣ, ದಿನದ್ದು ಅನುರಾಧ ಎನ್ನಿ. ಪುಷ್ಯದಿಂದ ಅನುರಾಧಕ್ಕೆ 10, ಶೇಷ 1, ಮಧ್ಯಮ. ಶ್ರವಣದಿಂದ ಅನುರಾಧಕ್ಕೆ 23, ಶೇಷ 5, ಪ್ರತ್ಯಕ್ ತಾರೆ. ದಿನ ಬಿದ್ದುಹೋಯಿತು. ಅದೇ ರೇವತಿಯಾದರೆ ಹುಡುಗಿಗೆ 20, ಶೇಷ 2, ಹುಡುಗನಿಗೆ 6. ಎರಡೂ ಒಳ್ಳೆಯವು. ಚಂದ್ರಬಲಕ್ಕೆ ಜನ್ಮರಾಶಿಯಿಂದ ಎಣಿಸಿ. ಚಂದ್ರ 4, 8, 12ರಲ್ಲಿ ಬೇಡ, 8 ಅಂತೂ ಬೇಡವೇ ಬೇಡ. ರೇವತಿಯ ಮೀನ ಚಂದ್ರ ಕರ್ಕಾಟಕದ ಹುಡುಗಿಗೆ 9, ಮಕರದ ಹುಡುಗನಿಗೆ 3. ಪರವಾಗಿಲ್ಲ.

ಗಂಟೆ-ನಿಮಿಷ

ರಾಹುಕಾಲ ಎಲ್ಲರಿಗೂ ಬಾಯಿಪಾಠ, ಅದಕ್ಕೇ ಎಲ್ಲರೂ ತಪ್ಪುತ್ತಾರೆ. ಕ್ಯಾಲೆಂಡರಿನ ಒಂದೂವರೆ ಗಂಟೆಯ ಪಟ್ಟಿ 6ಕ್ಕೆ ಸೂರ್ಯೋದಯ, 6ಕ್ಕೆ ಸೂರ್ಯಾಸ್ತ ಎಂದು ಹಿಡಿದದ್ದು. ನಿಜದಲ್ಲಿ ಹಗಲನ್ನು ಎಂಟು ಪಾಲು ಮಾಡಬೇಕು. ರಾಹುವಿಗೆ ಸೇರುವ ಪಾಲು ಸೋಮವಾರ 2ನೆಯದು, ಶನಿವಾರ 3, ಶುಕ್ರವಾರ 4, ಬುಧವಾರ 5, ಗುರುವಾರ 6, ಮಂಗಳವಾರ 7, ಭಾನುವಾರ 8. ಯಮಗಂಡಕ್ಕೆ ಗುರುವಾರ ಮೊದಲ ಪಾಲು, ಅಲ್ಲಿಂದ ಹಿಂದಕ್ಕೆ ಹೋಗುತ್ತ ಬುಧ 2, ಮಂಗಳ 3, ಸೋಮ 4, ಭಾನು 5, ಶನಿ 6, ಶುಕ್ರ 7. ಗುಳಿಕಕ್ಕೆ ಶನಿವಾರ ಮೊದಲ ಪಾಲು, ಶುಕ್ರ 2, ಗುರು 3, ಹೀಗೇ ಭಾನುವಾರಕ್ಕೆ 7. ಗುಳಿಕ ಕಾಲದಲ್ಲಿ ಮಾಡಿದ್ದು ಮರುಕಳಿಸುತ್ತದೆ ಎಂಬ ನಂಬಿಕೆ. ಚಿನ್ನ ಕೊಳ್ಳಲು ಒಳ್ಳೆಯದೆನ್ನುವವರೇ ತಾಳಿ ಕಟ್ಟಲು ಹಿಂದೇಟು ಹಾಕುತ್ತಾರೆ.

ದುರ್ಮುಹೂರ್ತಕ್ಕೆ ಹಗಲನ್ನು ಹದಿನೈದು ಪಾಲು ಮಾಡಬೇಕು. ಶುಕ್ರವಾರ 4 ಮತ್ತು 9ನೆಯದು, ಶನಿವಾರ ಮೊದಲ ಎರಡು, ಬುಧವಾರ 8ನೆಯದು. ಈ 8ನೆಯದೇ ಬೇರೆ ದಿನ ಶುಭವೆನಿಸುವ ಅಭಿಜಿನ್ಮುಹೂರ್ತ. ಅದಕ್ಕೇ ಬುಧವಾರ ಅಭಿಜಿತ್ ಇಲ್ಲ ಎನ್ನುವುದು.

ಹೆಚ್ಚು ಜನ ಮರೆಯುವುದು ವರ್ಜ್ಯವನ್ನು. ಪ್ರತಿ ನಕ್ಷತ್ರದಲ್ಲೂ 4 ಘಟಿಯ ಒಂದು ವಿಷ-ಗಳಿಗೆ ಇರುತ್ತದೆ, ಅದೇ ವರ್ಜ್ಯ. ರೋಹಿಣಿಯಲ್ಲಿ 40 ಘಟಿ ಕಳೆದ ಮೇಲೆ, ರೇವತಿಯಲ್ಲಿ 30 ಕಳೆದ ಮೇಲೆ, ಅನುರಾಧದಲ್ಲಿ 10 ಕಳೆದ ಮೇಲೆ. ಇದು ನಕ್ಷತ್ರ ಸರಿಯಾಗಿ 60 ಘಟಿ ಇದ್ದಾಗಿನ ಮಾತು. ನಕ್ಷತ್ರ ಉದ್ದವಾದರೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸಬೇಕು.

ಕೊನೆಯದು ಲಗ್ನ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಹುಟ್ಟುತ್ತಿರುವ ರಾಶಿ. ಲಗ್ನದಿಂದ ಏಳನೇ ಮನೆಯಲ್ಲಿ ಯಾವ ಗ್ರಹವೂ ಇರಬಾರದು, ಎಂಟರಲ್ಲಿ ಕುಜ ಇರಬಾರದು, ಆರರಲ್ಲಿ ಶುಕ್ರ ಇರಬಾರದು, ಚಂದ್ರ 6-8ರಲ್ಲಿ ಬೇಡ. ಲಗ್ನದ ಮೊದಲ ಮತ್ತು ಕೊನೆಯ ನಾಲ್ಕೈದು ನಿಮಿಷ ಸಂಧಿ, ಬಿಡಿ. ಆಮೇಲೆ ಪಂಚಕ: ಶುಕ್ಲ ಪಾಡ್ಯದಿಂದ ತಿಥಿಯ ಸಂಖ್ಯೆ, ಭಾನುವಾರದಿಂದ ವಾರ, ಅಶ್ವಿನಿಯಿಂದ ನಕ್ಷತ್ರ, ಮೇಷದಿಂದ ಲಗ್ನ, ನಾಲ್ಕನ್ನೂ ಕೂಡಿ 9ರಿಂದ ಭಾಗಿಸಿ. ಶೇಷ 1 ಮೃತ್ಯು, 2 ಅಗ್ನಿ, 4 ರಾಜ, 6 ಚೋರ, 8 ರೋಗ. ಉಳಿದವು ಪಂಚಕರಹಿತ.

ಒಂದು ದಿನವನ್ನು ಪೂರ್ತಿ ಸೋಸಿ ನೋಡೋಣ

ಊರು ಬೆಂಗಳೂರು, ಮಾಘ ಶುದ್ಧ ಷಷ್ಠಿ, ಶುಕ್ರವಾರ, ರೇವತಿ. ಸೂರ್ಯೋದಯ 6.44, ಸೂರ್ಯಾಸ್ತ 6.20. ರೇವತಿ ಗುರುವಾರ ರಾತ್ರಿ 8.20ಕ್ಕೆ ಹಿಡಿದು ಶುಕ್ರವಾರ ರಾತ್ರಿ 10.20ಕ್ಕೆ ಮುಗಿಯುತ್ತದೆ. ಷಷ್ಠಿ ಗುರುವಾರ ರಾತ್ರಿ 2ಕ್ಕೆ ಹಿಡಿದಿದೆ. ಅದರ ದೋಷದ 9 ಘಟಿ ಬೆಳಗಿನ ಜಾವ 5.36ಕ್ಕೇ ಮುಗಿದಿರುವುದರಿಂದ ಆ ಚಿಂತೆ ಇಲ್ಲ.

ಹಗಲು 696 ನಿಮಿಷ. ಎಂಟನೇ ಒಂದು 87 ನಿಮಿಷ. ಶುಕ್ರವಾರದ ರಾಹುಕಾಲ ನಾಲ್ಕನೇ ಪಾಲು, 11.05ರಿಂದ 12.32. ಕ್ಯಾಲೆಂಡರ್ ಹೇಳುವುದು 10.30ರಿಂದ 12. ಅದನ್ನು ನಂಬಿ "ರಾಹುಕಾಲ ಕಳೆಯಿತು" ಎಂದು 12.10ಕ್ಕೆ ತಾಳಿ ಕಟ್ಟಿಸಿದರೆ ಕಟ್ಟಿಸಿದ್ದು ರಾಹುಕಾಲದಲ್ಲೇ. ಗುಳಿಕ ಎರಡನೇ ಪಾಲು, 8.11ರಿಂದ 9.38.

ಹದಿನೈದನೇ ಒಂದು 46 ನಿಮಿಷ ಚಿಲ್ಲರೆ. ದುರ್ಮುಹೂರ್ತ 9.03ರಿಂದ 9.49, ಮತ್ತೆ 12.55ರಿಂದ 1.42. ಅಭಿಜಿತ್ 12.09ರಿಂದ 12.55. ಅಂದರೆ ಅಭಿಜಿತ್ತಿನ ಮೊದಲರ್ಧ ರಾಹುವಿನ ಪಾಲು. ಇದು ಆಕಸ್ಮಿಕವಲ್ಲ: ಶುಕ್ರವಾರ ರಾಹುಕಾಲ ಯಾವಾಗಲೂ ಸರಿಯಾಗಿ ನಡುಹಗಲಿಗೆ ಮುಗಿಯುತ್ತದೆ, ಅಭಿಜಿತ್ ಯಾವಾಗಲೂ ನಡುಹಗಲಿನ ಎರಡೂ ಬದಿಗೆ ಹರಡಿರುತ್ತದೆ.

ರೇವತಿಯ ಒಟ್ಟು ಅವಧಿ 26 ಗಂಟೆ. 60ರಲ್ಲಿ 30 ಎಂದರೆ ಅರ್ಧ, 13 ಗಂಟೆ. ವರ್ಜ್ಯ ಬೆಳಿಗ್ಗೆ 9.20ಕ್ಕೆ ಶುರು. 4 ಘಟಿ ಹಿಗ್ಗಿ 104 ನಿಮಿಷ ಆಗಿ 11.04ಕ್ಕೆ ಮುಗಿಯುತ್ತದೆ. ಅದು ಬಿಡುವ ಹೊತ್ತಿಗೆ ರಾಹುಕಾಲ ಹಿಡಿಯುತ್ತದೆ. ರೇವತಿಯ ನಾಲ್ಕನೇ ಪಾದ ಮಧ್ಯಾಹ್ನ 3.50ರಿಂದ, ಅದೂ ಹೋಯಿತು.

ಮಧ್ಯಾಹ್ನ ಒಂದು ಗಂಟೆಯೊಳಗೆ ಉಳಿದದ್ದೇನು? ಬೆಳಿಗ್ಗೆ 7.25ರ ಸುಮಾರಿಗೆ ಕುಂಭ ಲಗ್ನ ಹುಟ್ಟುತ್ತದೆ. ಸಂಧಿ ಬಿಟ್ಟು 7.30ರಿಂದ ಗುಳಿಕ ಹಿಡಿಯುವ 8.11ರವರೆಗೆ ಒಂದು ಚೂರು. ಗುಳಿಕ ಲೆಕ್ಕಿಸದವರಿಗೆ 9.03ರವರೆಗೂ ಸಿಗುತ್ತದೆ. ಮಧ್ಯಾಹ್ನ 12.35ಕ್ಕೆ ವೃಷಭ ಲಗ್ನ, 12.40ರಿಂದ 12.55ರವರೆಗೆ ಇನ್ನೊಂದು ಚೂರು. ಪಂಚಕ ನೋಡಿ: ಷಷ್ಠಿ 6, ಶುಕ್ರವಾರ 6, ರೇವತಿ 27, ವೃಷಭ 2, ಒಟ್ಟು 41, ಶೇಷ 5. ಕುಂಭಕ್ಕೆ 50, ಅದಕ್ಕೂ ಶೇಷ 5. ಎರಡೂ ಪಂಚಕರಹಿತ. ಹಿಂದಿನ ತಿಥಿ ಪಂಚಮಿಯೇ ಇನ್ನೂ ನಡೆಯುತ್ತಿದ್ದರೆ ಶೇಷ 4 ಬಂದು ರಾಜಪಂಚಕ ಆಗುತ್ತಿತ್ತು. ಇನ್ನು ಆ ವರ್ಷದ ಗ್ರಹಗಳನ್ನು ನೋಡಿ ಕುಂಭಕ್ಕೆ ಸಿಂಹ, ವೃಷಭಕ್ಕೆ ವೃಶ್ಚಿಕ ಖಾಲಿಯಿದೆಯೇ ಎಂದು ಖಚಿತ ಮಾಡಿಕೊಂಡರೆ ಮುಗಿಯಿತು. ಅಷ್ಟು ಹೊತ್ತಿನಲ್ಲಿ ಮುಕ್ಕಾಲು ಗಂಟೆಯಷ್ಟು ಒಂದು, ಕಾಲು ಗಂಟೆಯದು ಇನ್ನೊಂದು.

ಎರಡರಲ್ಲಿ ಬೆಳಗಿನದೇ ಲೇಸು. ಕಾಲು ಗಂಟೆಯ ಮುಹೂರ್ತವನ್ನು ಛತ್ರದಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ.

ಛತ್ರದಲ್ಲಿ

ಆಮಂತ್ರಣದಲ್ಲಿ "ಬೆಳಿಗ್ಗೆ 7.30ರಿಂದ 8.10ರವರೆಗೆ ಸಲ್ಲುವ ಶುಭ ಕುಂಭ ಲಗ್ನದಲ್ಲಿ" ಎಂದು ಅಚ್ಚು ಹಾಕಿಸಿದಾಗ ಆ ಹೊತ್ತು ಯಾವ ಕ್ರಿಯೆಗೆ ಎಂಬುದನ್ನು ಪುರೋಹಿತರಿಂದ ತಿಳಿದುಕೊಳ್ಳಿ. ಹೆಚ್ಚಿನ ಕಡೆ ಅಂತರಪಟ ಸರಿದು ಜೀರಿಗೆ-ಬೆಲ್ಲ ಹಾಕುವ ಕ್ಷಣವೇ ಮುಹೂರ್ತ. ಧಾರೆ, ಮಾಂಗಲ್ಯಧಾರಣೆ ಅದರ ಹಿಂದೆಯೇ ಆ ಲಗ್ನದೊಳಗೇ ಆಗಬೇಕು. ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಕಾಶಿಯಾತ್ರೆ, ವರಪೂಜೆ, ಮಧುಪರ್ಕ ಮುಗಿಯಲು ಒಂದೂವರೆ ಗಂಟೆ ಇಟ್ಟುಕೊಂಡರೆ ಬೆಳಿಗ್ಗೆ ಆರಕ್ಕೆ ವರ ಸಿದ್ಧನಿರಬೇಕು. ಮುಹೂರ್ತ ಮೀರುವುದು ಮಂತ್ರದಿಂದಲ್ಲ, ಹೆಣ್ಣಿನ ಅಲಂಕಾರದಿಂದ ಮತ್ತು "ಸ್ವಲ್ಪ ಈ ಕಡೆ ನೋಡಿ" ಎನ್ನುವ ಫೋಟೋದವರಿಂದ. ಮಂಟಪಕ್ಕೆ ಬರುವ ಮುಂಚಿನ ಫೋಟೋಗಳನ್ನು ಹಿಂದಿನ ಸಂಜೆಗೇ ಮುಗಿಸಿ.

ಸೂತಕದ ಭಯಕ್ಕೆ ಒಂದು ಕಟ್ಟಳೆ ಇದೆ. ಮದುವೆಗೆ ಮುಂಚೆ ಪಿತೃದೇವತೆಗಳನ್ನು ಪೂಜಿಸುವ ನಾಂದಿ ಆದ ಮೇಲೆ ದಾಯಾದಿಗಳಲ್ಲಿ ಸಾವೋ ಹೆರಿಗೆಯೋ ಆದರೂ ಆ ಮದುವೆಗೆ ಸೂತಕದ ಅಡ್ಡಿಯಿಲ್ಲ. ಮದುವೆಗೆ ಹತ್ತು ದಿನ ಮುಂಚೆಯವರೆಗೂ ನಾಂದಿ ಇಡಲು ಶಾಸ್ತ್ರದ ಒಪ್ಪಿಗೆಯಿದೆ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನೋ ಅಜ್ಜಿಯೋ ಇದ್ದರೆ ಮದುವೆಯ ಹಿಂದಿನ ದಿನಕ್ಕೆಂದು ಕಾಯದೆ ನಾಂದಿಯನ್ನು ಬೇಗ ಮಾಡಿಸಿ.

ಮದುವೆ ಹೊರದೇಶದಲ್ಲಾದರೆ ಬೆಂಗಳೂರಿನ ಮುಹೂರ್ತವನ್ನು ಅಲ್ಲಿಗೆ ಒಯ್ಯಲಾಗದು. ತಿಥಿ, ನಕ್ಷತ್ರ, ವರ್ಜ್ಯ ಜಗತ್ತಿಗೆಲ್ಲ ಒಂದೇ ಕ್ಷಣಕ್ಕೆ ಬದಲಾಗುತ್ತವೆ, ಗಡಿಯಾರ ಮಾತ್ರ ಬೇರೆ. ರಾಹುಕಾಲ, ದುರ್ಮುಹೂರ್ತ, ಲಗ್ನಗಳನ್ನು ಆ ಊರಿನ ಸೂರ್ಯೋದಯಕ್ಕೆ ಹೊಸದಾಗಿ ಕಟ್ಟಬೇಕು. ಮೇಲಿನ ರೇವತಿ ಚಳಿಗಾಲದ ನ್ಯೂಜೆರ್ಸಿಯಲ್ಲಿ ಹತ್ತೂವರೆ ಗಂಟೆ ಹಿಂದೆ ಸರಿದು ಗುರುವಾರ ಬೆಳಿಗ್ಗೆ 9.50ಕ್ಕೆ ಹಿಡಿಯುತ್ತದೆ. ಅದರ ಬೇಡದ ನಾಲ್ಕನೇ ಪಾದ ಶುಕ್ರವಾರ ಬೆಳಗಿನ ಜಾವ 5.20ಕ್ಕೇ ಶುರುವಾಗಿ 11.50ಕ್ಕೆ ನಕ್ಷತ್ರವೇ ಮುಗಿಯುತ್ತದೆ. ಅಲ್ಲಿ ಮದುವೆ ಇಡಬೇಕಾದದ್ದು ಗುರುವಾರ, ತಿಥಿ ಮಧ್ಯಾಹ್ನ 3.30ರವರೆಗೆ ಪಂಚಮಿ, ವಾರ ಬದಲಾದ್ದರಿಂದ ರಾಹುಕಾಲ ಆರನೇ ಪಾಲು, ಪಂಚಕದ ಕೂಡಿಕೆಯೂ ಹೊಸದು.